ಒಂದು ತಿಂದ್ರೆ ಎರಡು ತಿಂದಂಗೆ

ನಮ್ಮ ಕೋಳಿಗಳಿಗೆ ನಾನು ಪಾಚಿ ತಿನ್ನಿಸಿದ ಕಥೆ ಇದು. ಕೇಳಿದವರೆಲ್ಲ ಮೊದಲು ನಗ್ತಾರೆ. ನೀವೂ ನಕ್ಕುಬಿಡಿ, ಪರವಾಗಿಲ್ಲ. ಆದರೆ ನಾನು ತಲೆ ತಗ್ಗಿಸಿ ನಿಂತ ಜಾಗವೂ ಇದರಲ್ಲಿ ಒಂದಿದೆ. ಅದನ್ನ ಹೇಳೋದಕ್ಕೇ ಇಷ್ಟು ದೂರದಿಂದ ಶುರು ಮಾಡ್ತಿದ್ದೀನಿ.

ನಮ್ಮದು ತಿಪಟೂರಿನ ಪಕ್ಕದ ಒಂದು ಹಳ್ಳಿ. ಮನೆ ಹಿಂದೆ ತೆಂಗಿನ ತೋಟ, ಕೊಟ್ಟಿಗೆಯಲ್ಲಿ ಎರಡು ಹಸು, ಹಿತ್ತಲಲ್ಲಿ ಇಪ್ಪತ್ತು ಕೋಳಿ. ತೋಟ ನಮ್ಮ ಮನೆಯವರದ್ದು, ಹಸು ನನ್ನದು, ಕೋಳಿ ಅತ್ತೆಯದ್ದು. ಹೀಗಂತ ಯಾರೂ ಪಾಲು ಮಾಡಿಕೊಟ್ಟಿಲ್ಲ. ಆದರೆ ಮೊಟ್ಟೆ ಮಾರಿದ ದುಡ್ಡು ಅತ್ತೆಯ ಎಲೆಅಡಿಕೆ ಚೀಲ ಬಿಟ್ಟು ಬೇರೆಲ್ಲೂ ಹೋಗಲ್ಲ ಅನ್ನೋದು ಮನೆಯಲ್ಲಿ ಎಲ್ಲರಿಗೂ ಗೊತ್ತು.

ಕೋಳಿಗಳು ಸ್ವರ್ಣಧಾರಾ ತಳಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರು ಹಿತ್ತಲಲ್ಲಿ ಸಾಕೋರಿಗೆ ಅಂತಲೇ ಅಭಿವೃದ್ಧಿ ಮಾಡಿದ್ದು. ನೋಡೋಕೆ ನಾಟಿ ಥರ ಇರುತ್ತೆ, ಮೊಟ್ಟೆ ಮಾತ್ರ ವರ್ಷಕ್ಕೆ 180ರ ಆಸುಪಾಸು ಇಡುತ್ತೆ. ನಾಟಿ ಕೋಳಿ ಅದರ ಅರ್ಧವೂ ಇಡಲ್ಲ. ದಿನಕ್ಕೆ ಹತ್ತು ಮೊಟ್ಟೆ ಸಿಗೋದು. ವಾರಕ್ಕೆ ಎರಡು ಸಲ ನಾನು ಸ್ಕೂಟಿಯಲ್ಲಿ ತಿಪಟೂರಿಗೆ ಹೋಗಿ ಗೊತ್ತಿರೋ ಏಳೆಂಟು ಮನೆಗೆ ಕೊಟ್ಟು ಬರ್ತಿದ್ದೆ. ಒಂದಕ್ಕೆ 8 ರೂಪಾಯಿ. ಅಂಗಡಿ ಮೊಟ್ಟೆ ಆಗ 6 ರೂಪಾಯಿ. ತಗೊಳ್ಳೋರು 'ನಾಟಿ ಮೊಟ್ಟೆ' ಅಂತಲೇ ತಗೊಳ್ತಿದ್ರು. ನಾನೂ ತಿದ್ದೋಕೆ ಹೋಗಲಿಲ್ಲ. ಇದು ಮೊದಲನೇ ತಪ್ಪು. ಆಗ ತಪ್ಪು ಅನ್ನಿಸಿರಲಿಲ್ಲ ಅಷ್ಟೆ.

ಎರಡು ವರ್ಷದ ಹಿಂದೆ ಯುಗಾದಿ ಕಳೆದು ಒಂದು ಹದ ಮಳೆ ಬಿದ್ದಿದ್ದೇ ತಡ, ಪಕ್ಕದ ಹೊಲದವರು ಹೆಸರು ಬಿತ್ತಿದರು. ಮೊಳಕೆ ಬಂದ ಹೆಸರು ಅಂದ್ರೆ ಕೋಳಿಗಳಿಗೆ ಹಬ್ಬದೂಟ. ಎರಡು ದಿನ ಸುಮ್ಮನಿದ್ದ ಅವರು ಮೂರನೇ ದಿನ ಬೇಲಿ ಹತ್ತಿರ ನಿಂತು ಮಾತಾಡಿದ್ದನ್ನ ಇಲ್ಲಿ ಬರೆಯೋ ಹಾಗಿಲ್ಲ. ಅವತ್ತೇ ಕೋಳಿಗಳನ್ನೆಲ್ಲ ಜಾಲರಿ ಹಾಕಿ ಒಳಗೆ ಕೂಡಿದ್ದಾಯ್ತು. ಅಕ್ಕಿ ನುಚ್ಚು, ರಾಗಿ, ಕಡ್ಲೆಕಾಯಿ ಹಿಂಡಿ ಹಾಕ್ತಾ ಬಂದ್ವಿ. ಹೊಟ್ಟೆ ತುಂಬ್ತಿತ್ತು. ಮೊಟ್ಟೆಯೂ ಬರ್ತಿತ್ತು.

ಹದಿನೈದು ದಿನ ಆಗಿರಬೇಕು. ತಿಪಟೂರಿನ ಒಬ್ಬರು ಮೇಷ್ಟ್ರ ಮನೆಯವರು ನನ್ನನ್ನ ಬಾಗಿಲಲ್ಲೇ ನಿಲ್ಲಿಸಿ ಒಳಗಿಂದ ಒಂದು ತಟ್ಟೆ ತಂದರು. ಬೇಯಿಸಿ ಎರಡು ಹೋಳು ಮಾಡಿದ ಮೊಟ್ಟೆ. ಹಳದಿ ಇರಬೇಕಾದ ಕಡೆ ಮಾಸಿದ ಕೆನೆ ಬಣ್ಣ.

"ಏನಮ್ಮಾ, ಫಾರಂ ಮೊಟ್ಟೆ ತಂದು ನಾಟಿ ಅಂತ ಕೊಡ್ತಿದ್ದೀಯಾ?"

ನನಗೆ ಅಳು ಬರೋದೊಂದು ಬಾಕಿ.

ನಿಜ ಏನು ಅಂದ್ರೆ, ಮೊಟ್ಟೆಯ ಹಳದಿ ಬಣ್ಣ ಕೋಳಿಯ ಸ್ವಂತದ್ದಲ್ಲ. ಅದು ತಿಂದದ್ದರಿಂದ ಬರಬೇಕು. ಸೊಪ್ಪು, ಹುಲ್ಲು, ಮುಸುಕಿನ ಜೋಳ, ಇವುಗಳಲ್ಲಿ ಕ್ಯಾರೊಟಿನಾಯ್ಡ್ ಅನ್ನೋ ಬಣ್ಣದ ವಸ್ತುಗಳಿರುತ್ತವೆ. ಕೋಳಿ ಅವನ್ನ ತಾನೇ ತಯಾರಿಸಿಕೊಳ್ಳಲಾರದು, ತಿಂದು ಮೊಟ್ಟೆಗೆ ಸಾಗಿಸುತ್ತೆ ಅಷ್ಟೆ. ಅಕ್ಕಿ ನುಚ್ಚಿನಲ್ಲಿ ಆ ಬಣ್ಣ ಎಲ್ಲಿಂದ ಬರಬೇಕು? ತಮಾಷೆ ನೋಡಿ, ಫಾರಂ ಕೋಳಿ ದಿನಾ ಮುಸುಕಿನ ಜೋಳ ತಿನ್ನೋದರಿಂದ ಅದರ ಮೊಟ್ಟೆ ನಮ್ಮದಕ್ಕಿಂತ ಹಳದಿಯಾಗೇ ಇತ್ತು! ನಮ್ಮ ರಾಜ್ಯದಲ್ಲಿ ಎಕರೆಗಟ್ಟಲೆ ಚೆಂಡು ಹೂವು ಬೆಳೆದು ಕಾರ್ಖಾನೆಗೆ ಕೊಡ್ತಾರಲ್ಲ, ಅದೂ ಬರೀ ಹಾರಕ್ಕಲ್ಲ. ಹೂವಿನಿಂದ ತೆಗೆದ ಬಣ್ಣದಲ್ಲಿ ಒಂದು ಪಾಲು ಕೋಳಿ ಫೀಡಿಗೇ ಹೋಗೋದು. ಹಳದಿಯ ಕಡುಪನ್ನ ನಂಬರ್ ಹಾಕಿ ಅಳೆಯೋಕೆ ಬೀಸಣಿಗೆ ಥರದ ಬಣ್ಣದ ಪಟ್ಟಿಗಳೇ ಇವೆ, ಸೀರೆ ಅಂಗಡಿಯಲ್ಲಿ ಫಾಲ್ಸ್‌ಗೆ ಬಣ್ಣ ಹೊಂದಿಸೋ ಹಾಗೆ.

ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ. ಹಸಿರು ಬೇಕು ಅನ್ನೋದಷ್ಟೇ ಗೊತ್ತಾಗಿದ್ದು.

ತವರಿನ ಕಡೆಯವರೊಬ್ಬರು ಒಂದು ಬೊಗಸೆ ಅಜೋಲಾ ಕೊಟ್ಟರು. ತೆಂಗಿನ ಮರದ ನೆರಳಲ್ಲಿ ಆರಡಿ ಉದ್ದ ನಾಲ್ಕಡಿ ಅಗಲದ ಗುಂಡಿ ತೆಗೆದು, ಸಿಲ್ಪಾಲಿನ್ ಶೀಟು ಹಾಸಿ, ಜರಡಿ ಹಿಡಿದ ಮಣ್ಣು, ಸಗಣಿ ಬಗ್ಗಡ, ಒಂದಿಷ್ಟು ಸೂಪರ್ ಫಾಸ್ಫೇಟು ಹಾಕಿ ನೀರು ತುಂಬಿಸಿದೆ. ಬೊಗಸೆ ಅಜೋಲಾ ಹನ್ನೆರಡು ದಿನದಲ್ಲಿ ಗುಂಡಿ ತುಂಬಾ ಹಸಿರು ಕಂಬಳಿ ಹೊದಿಸಿದ ಹಾಗೆ ಹರಡಿಕೊಳ್ತು.

ಅತ್ತೆ ಬಂದು ನೋಡಿದರು.

"ಇದೇನವ್ವ ಇದು, ಕೆರೆ ಪಾಚಿ ತಂದು ಮನೆ ಮುಂದೆ ಬಿಟ್ಕಂಡಿದೀಯ?"

"ಪಾಚಿ ಅಲ್ಲ ಅತ್ತೆ, ಅಜೋಲಾ. ಕೋಳಿಗೆ ಒಳ್ಳೇದು."

"ನೀರ ಮ್ಯಾಲೆ ಹಸ್ರುಗೆ ತೇಲಾದೆಲ್ಲ ಪಾಚಿನೇ ಕಣಮ್ಮ."

ನಾನೂ ಅತ್ತೆಯೂ ಇಬ್ಬರೂ ಅರ್ಧರ್ಧ ಸರಿ. ಅಜೋಲಾ ನೀರಿನಲ್ಲಿ ತೇಲೋ ಪುಟ್ಟ ಜರಿಗಿಡ. ಆದರೆ ಅದರ ಎಲೆಯೊಳಗೆ ಒಂದೊಂದು ಸಣ್ಣ ಗೂಡಿದೆ, ಆ ಗೂಡಲ್ಲಿ ಅನಬೀನಾ ಅನ್ನೋ ನೀಲಿ-ಹಸಿರು ಪಾಚಿ ಬಾಡಿಗೆಗಿದೆ. ಗಾಳಿಯಲ್ಲಿರೋ ಸಾರಜನಕ ಹಿಡಿದು ಗಿಡಕ್ಕೆ ಕೊಡೋದೇ ಅದು ಕಟ್ಟೋ ಬಾಡಿಗೆ. ಅದಕ್ಕೇ ಅಜೋಲಾ ಅಷ್ಟು ಬೇಗ ಬೆಳೆಯೋದು. ಒಣಗಿಸಿ ತೂಗಿದರೆ ಅದರಲ್ಲಿ ನೂರಕ್ಕೆ 20-25 ಭಾಗ ಪ್ರೋಟೀನು.

'ಒಣಗಿಸಿ ತೂಗಿದರೆ' ಅನ್ನೋ ಮಾತನ್ನ ನಾನು ಓದಿದ್ದೆ, ತಲೆಗೆ ಹೋಗಿರಲಿಲ್ಲ. ಫುಕ್ಕಟೆ ಬೆಳೆಯುತ್ತಲ್ಲ ಅಂತ ನುಚ್ಚು, ಹಿಂಡಿ ಅರ್ಧಕ್ಕರ್ಧ ಕಡಿಮೆ ಮಾಡಿ ಬುಟ್ಟಿಗಟ್ಟಲೆ ಹಸಿ ಅಜೋಲಾ ಸುರಿದೆ. ಕೋಳಿಗಳು ಮುಗಿಬಿದ್ದು ತಿಂದವು. ಹಳದಿಗೆ ಬಣ್ಣವೂ ಬಂತು. ಆದರೆ ಮೊಟ್ಟೆ ಹತ್ತರಿಂದ ಆರಕ್ಕಿಳೀತು. ಸಿಪ್ಪೆ ಎಷ್ಟು ತೆಳು ಅಂದ್ರೆ ಸ್ಕೂಟಿಯಲ್ಲಿ ತಗೊಂಡು ಹೋಗೋವಾಗ ಹಂಪ್ ದಾಟಿದರೆ ಸಾಕು, ಎರಡು ಒಡೆದಿರೋದು.

ಆಮೇಲೆ ಲೆಕ್ಕ ಹಾಕಿದೆ. ಹಸಿ ಅಜೋಲಾದಲ್ಲಿ ನೂರಕ್ಕೆ 93-95 ಭಾಗ ಬರೀ ನೀರು. ಕಿಲೋ ಹಾಕಿದರೆ ಕೋಳಿ ಹೊಟ್ಟೆಗೆ ಸೇರೋ ಸತ್ವ 50-70 ಗ್ರಾಂ. ನಾನು ಕೋಳಿಗಳಿಗೆ ನೀರು ಕುಡಿಸಿ ಹೊಟ್ಟೆ ತುಂಬಿಸ್ತಿದ್ದೆ! ಇನ್ನು ಸಿಪ್ಪೆ. ಅದು ಹೆಚ್ಚುಕಮ್ಮಿ ಪೂರ್ತಿ ಸುಣ್ಣ. ಒಂದು ಮೊಟ್ಟೆಯ ಸಿಪ್ಪೆಗೆ ಎರಡು ಗ್ರಾಂ ಕ್ಯಾಲ್ಸಿಯಂ ಹೋಗುತ್ತೆ. ಮೊಟ್ಟೆ ಇಡೋ ಕೋಳಿಗೆ ದಿನಕ್ಕೆ ನಾಲ್ಕು ಗ್ರಾಂ ಹತ್ತಿರ ಸಿಗಬೇಕು, ಇಲ್ಲದಿದ್ದರೆ ತನ್ನ ಮೂಳೆಯನ್ನೇ ಕರಗಿಸಿ ಸಿಪ್ಪೆ ಕಟ್ಟುತ್ತೆ. ಬಯಲಲ್ಲಿ ಓಡಾಡೋವಾಗ ಕೆದಕಿ ಕುಕ್ಕಿ ಅಷ್ಟೋ ಇಷ್ಟೋ ಹುಡುಕಿಕೊಳ್ತಿದ್ದವು. ನಾನು ಕೂಡಿಹಾಕಿದ ಮೇಲೆ ಎಲ್ಲಿಂದ ತರಬೇಕು?

ಅತ್ತೆ ಇದ್ಯಾವುದನ್ನೂ ಓದಿಲ್ಲ. ಒಂದು ದಿನ ಬೆಳಗ್ಗೆ ಸುಣ್ಣಕಲ್ಲನ್ನ ಗುಂಡುಕಲ್ಲಲ್ಲಿ ಕುಟ್ಟಿ ಪುಡಿ ಮಾಡಿ ಕೋಳಿಗಳ ಮುಂದೆ ಇಟ್ಟರು. ನುಚ್ಚು, ಹಿಂಡಿ ಮೊದಲಿನ ಹಾಗೇ ಅಳೆದು ಹಾಕಿದರು. ಅಜೋಲಾ ಮೇಲೊಂದು ಹಿಡಿ, ತೊಳೆದು. "ಸೊಪ್ಪು ಸೊಪ್ಪಾಗಿರ್ಬೇಕು, ಅನ್ನ ಅನ್ನಾಗಿರ್ಬೇಕು" ಅಂದರು. ಎರಡು ವಾರದಲ್ಲಿ ಎಲ್ಲ ಸರಿಹೋಯ್ತು.

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಬೆಂಗಳೂರಿನಿಂದ ಮೈದುನ ಬಂದ.

ಅವನು ಕಂಪ್ಯೂಟರ್ ಕೆಲಸದವನು. ನನ್ನ ಮೊಟ್ಟೆ ವ್ಯಾಪಾರ ಕೇಳಿ, "ಅತ್ತಿಗೆ, ಅಜೋಲಾ ಎಲ್ಲಾ ಹಳೇದಾಯ್ತು. ಸ್ಪಿರುಲಿನಾ ಹಾಕಿ. ಬೆಂಗಳೂರಲ್ಲಿ ಜನ ಇದನ್ನ ಮಾತ್ರೆ ಮಾಡಿ ನುಂಗ್ತಾರೆ. ಇದನ್ನ ತಿಂದ ಕೋಳಿ ಮೊಟ್ಟೆ ಅಂದ್ರೆ 12 ರೂಪಾಯಿಗೆ ಕಣ್ಣು ಮುಚ್ಚಿ ತಗೊಳ್ತಾರೆ" ಅಂದ.

ಸ್ಪಿರುಲಿನಾ ನಿಜವಾಗಿಯೂ ದೊಡ್ಡ ಮನೆತನದ್ದೇ. ಆಫ್ರಿಕಾದ ಚಾಡ್ ಸರೋವರದ ಹತ್ತಿರದ ಹೆಂಗಸರು ಅದನ್ನ ನೀರಿನಿಂದ ಸೋಸಿ, ಮರಳಿನ ಮೇಲೆ ಒಣಗಿಸಿ ಬಿಲ್ಲೆ ಮಾಡಿ ಸಾರಿಗೆ ಹಾಕ್ತಾರೆ. ಮೆಕ್ಸಿಕೋದಲ್ಲಿ ಅಜ್ಟೆಕ್ ಜನ ಕೆರೆಯಿಂದ ತೆಗೆದು ತಿಂತಿದ್ದರಂತೆ. ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐನಲ್ಲೂ ಇದನ್ನ ಬೆಳೆಯೋದರ ಬಗ್ಗೆ ಬಹಳ ಹಿಂದೆಯೇ ಸಂಶೋಧನೆ ನಡೆದಿದೆ. ಒಣಪುಡಿಯಲ್ಲಿ ನೂರಕ್ಕೆ 60 ಭಾಗದಷ್ಟು ಪ್ರೋಟೀನು. ಪೂರ್ವ ಆಫ್ರಿಕಾದ ಸೋಡಾ ಕೆರೆಗಳಲ್ಲಿ ಲಕ್ಷಗಟ್ಟಲೆ ರಾಜಹಂಸಗಳು ಗುಲಾಬಿಯಾಗಿ ನಿಂತಿರೋ ಫೋಟೋ ನೋಡಿರ್ತೀರಿ. ಆ ಬಣ್ಣವೂ ಈ ಪಾಚಿಯದ್ದೇ. ಹಕ್ಕಿಯ ಗರಿಯನ್ನೇ ಗುಲಾಬಿ ಮಾಡೋ ಪಾಚಿಗೆ ನಮ್ಮ ಕೋಳಿ ಮೊಟ್ಟೆ ಯಾವ ಲೆಕ್ಕ?

ತೊಟ್ಟಿ ಕಟ್ಟಿ ಬೆಳೆಯೋರೊಬ್ಬರ ಹತ್ತಿರ ಕಿಲೋಗೆ 800 ರೂಪಾಯಿ ಕೊಟ್ಟು ತಂದೆ. ಕಡು ಹಸಿರು ಪುಡಿ, ಕೆರೆ ದಂಡೆಯ ವಾಸನೆ. ಕಿಲೋ ಆಹಾರಕ್ಕೆ 10 ಗ್ರಾಂ ಬೆರೆಸಿದೆ. ಮೊದಲ ನಾಲ್ಕು ದಿನ ದಿನಾ ಒಂದು ಮೊಟ್ಟೆ ಒಡೆದು ನೋಡೋದು, ಏನೂ ಬದಲಾಗಿಲ್ಲ ಅಂತ ಮುಖ ಸಣ್ಣ ಮಾಡಿಕೊಳ್ಳೋದು. ಅತ್ತೆಗೆ ರೇಗಿತು. "ದಿನಾ ಒಂದ್ ಮೊಟ್ಟೆ ದಂಡ ಮಾಡ್ತೀಯಲ್ಲ, ಪಾಯಸ ಕುದಿಯಾಕೂ ಹೊತ್ತು ಬೇಕಲ್ವಾ?"

ಅದೂ ಸರಿಯೇ. ಬಿಳಿ, ಸಿಪ್ಪೆ ಎಲ್ಲ ಒಂದು ದಿನದ ಕೆಲಸ. ಹಳದಿ ಮಾತ್ರ ಹಾಗಲ್ಲ. ಕೋಳಿಯ ಹೊಟ್ಟೆಯಲ್ಲಿ ಹತ್ತು ದಿನದಷ್ಟು ಕಾಲ ಪದರ ಪದರವಾಗಿ ತುಂಬಿಕೊಳ್ಳುತ್ತೆ. ಇವತ್ತು ಹಾಕಿದ್ದು ಪೂರ್ತಿ ಕಾಣಿಸೋದು ಹತ್ತು ದಿನದ ಮೇಲೆ. ಹತ್ತನೇ ದಿನ ಒಡೆದ ಮೊಟ್ಟೆಯನ್ನ ನಾನು ಮರೆಯಲ್ಲ. ಸಂಜೆ ಸೂರ್ಯನ ಕೆಂಪು! ಅಕ್ಕಪಕ್ಕದ ಮನೆಯವರನ್ನ ಕರೆದು ತೋರಿಸಿದೆ. ಮೈದುನನಿಗೆ ಫೋಟೋ ಕಳಿಸಿದೆ. ಅವನು ಸಂಜೆಯೊಳಗೆ ಲೇಬಲ್ ಮಾಡಿ ಕಳಿಸಿದ. ಹಸಿರು ಎಲೆ, ಕೆಂಪು ಹಳದಿ, ಕೆಳಗೆ ದಪ್ಪ ಅಕ್ಷರದಲ್ಲಿ 'ಸ್ಪಿರುಲಿನಾ ಒಮೇಗಾ ನಾಟಿ ಮೊಟ್ಟೆ.'

"ಒಮೇಗಾ ಅಂದ್ರೇನೋ?"

"ಪಾಚಿಯಲ್ಲಿ ಇರುತ್ತೆ ಅತ್ತಿಗೆ. ಮಿದುಳಿಗೆ ಒಳ್ಳೇದು."

ಹನ್ನೆರಡು ರೂಪಾಯಿ. ಮೇಷ್ಟ್ರ ಮನೆಯವರು ತಟ್ಟೆ ಹಿಡಿದು ಬಂದು "ಇದು ನೋಡಮ್ಮಾ ನಾಟಿ ಅಂದ್ರೆ" ಅಂದರು. ನಾನು ಹೂಂ ಅಂದೆ.

ಆ ಏಳೆಂಟು ಮನೆಗಳ ಜೊತೆ ಹೊಸದಾಗಿ ಸೇರಿಕೊಂಡವಳು ಒಬ್ಬಳು ಹುಡುಗಿ. ಹೆಸರು ಬೇಡ. ಗಂಡ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೀತಾನೆ. ಒಂದು ರೂಮು ಅಡುಗೆಮನೆಯ ಬಾಡಿಗೆ ಮನೆ. ಐದು ತಿಂಗಳ ಬಸುರಿ. ರಕ್ತ ಕಡಿಮೆ ಇದೆ, ದಿನಾ ಎರಡು ಮೊಟ್ಟೆ ತಿನ್ನು ಅಂತ ಡಾಕ್ಟರ್ ಹೇಳಿದ್ದರಂತೆ. ಲೇಬಲ್ ನೋಡಿ "ಇದು ಮಗುಗೆ ಒಳ್ಳೇದಾ ಅಕ್ಕ? ಅಂಗಡಿದಕ್ಕಿಂತ ಎಷ್ಟು ವ್ಯತ್ಯಾಸ?" ಅಂದಳು.

ನಾನು ನಗ್ತಾ ಹೇಳಿದೆ. "ನಮ್ಮದು ಒಂದು ತಿಂದ್ರೆ ಎರಡು ತಿಂದಂಗೆ ಕಣೇ."

ವ್ಯಾಪಾರದ ಮಾತು. ಸಂತೆಯಲ್ಲಿ 'ಸಕ್ಕರೆ ಥರ ಇದೆ ತಗೊಳ್ಳಿ' ಅಂತ ಕೂಗೋಲ್ವಾ, ಹಾಗೆ. ಆಡಿದ ನಾನು ಅಲ್ಲೇ ಮರೆತೆ. ಅವಳು ವಾರಕ್ಕೆ ಏಳು ಮೊಟ್ಟೆ ತಪ್ಪದೆ ತಗೊಳ್ತಾ ಬಂದಳು.

ಮೂರು ತಿಂಗಳ ಮೇಲೆ ನಮ್ಮ ಕಡೆ ಹಿತ್ತಲ ಕೋಳಿ ಸಾಕೋರಿಗೆ ಒಂದು ದಿನದ ತರಬೇತಿ ಇಟ್ಟಿದ್ದರು. ಹೆಮ್ಮೆಯಿಂದ ನನ್ನ ಮೊಟ್ಟೆ, ಲೇಬಲ್ ಎರಡೂ ತಗೊಂಡು ಹೋದೆ. ಪಾಠ ಮಾಡಿದ ಪಶುವೈದ್ಯರು ಒಡೆದು ನೋಡಿ "ಬಣ್ಣ ಬಹಳ ಚೆನ್ನಾಗಿ ಬಂದಿದೆಯಮ್ಮ" ಅಂದರು. ಆಮೇಲೆ ಲೇಬಲ್ ಓದಿದರು. "ಒಮೇಗಾ ಎಲ್ಲಿಂದ ಬಂತು?"

"ಪಾಚಿಯಿಂದ ಸರ್."

"ಯಾವ ಪಾಚಿಯಿಂದ?"

ಪಾಚಿ ಅಂದ್ರೆ ಪಾಚಿ ಅಲ್ವಾ? ಅಲ್ಲ. ಅವರು ಬಿಡಿಸಿ ಹೇಳಿದರು. 'ಹುಲ್ಲು' ಅಂದ್ರೆ ಗರಿಕೆಯೂ ಹುಲ್ಲೇ, ಕಬ್ಬೂ ಹುಲ್ಲಿನ ಜಾತಿಯೇ. ಹಾಗಂತ ಗರಿಕೆ ಅರೆದರೆ ಬೆಲ್ಲ ಬರುತ್ತಾ? ಒಮೇಗಾ-3ರಲ್ಲಿ ಮಗುವಿನ ಮಿದುಳು, ಕಣ್ಣು ಕಟ್ಟೋಕೆ ಬೇಕಾದ್ದು ಡಿಎಚ್‌ಎ ಅನ್ನೋ ಕೊಬ್ಬು. ಅದು ಸಮುದ್ರದ ಕೆಲವು ಸೂಕ್ಷ್ಮ ಪಾಚಿಗಳಲ್ಲಿ ಇದೆ. ಮೀನಿನಲ್ಲಿ ಅದು ಇರೋದೂ ಆ ಪಾಚಿಯ ದೆಸೆಯಿಂದಲೇ. ಪಾಚಿಯನ್ನ ಸಣ್ಣ ಜೀವಿಗಳು, ಅವನ್ನ ಸಣ್ಣ ಮೀನು, ಅದನ್ನ ದೊಡ್ಡ ಮೀನು ತಿಂದು. ಅಂಥಾ ಪಾಚಿಯನ್ನ ಕೊಬ್ಬಿನಂಶಕ್ಕೆ ಅಂತಲೇ ಬೆಳೆಸಿ ಕೋಳಿಗೆ ಹಾಕಿದರೆ ಮೊಟ್ಟೆಗೆ ಡಿಎಚ್‌ಎ ಇಳಿಯುತ್ತೆ, ಮೀನೆಣ್ಣೆ ಹಾಕಿದಾಗ ಬರೋ ನಾತವೂ ಇರಲ್ಲ. ಅಗಸೆ ಬೀಜ ಹಾಕಿದರೂ ಬೇರೆ ಥರದ ಒಮೇಗಾ-3 ಬರುತ್ತೆ, ಅದರಲ್ಲಿ ಸ್ವಲ್ಪವನ್ನ ಕೋಳಿಯೇ ಡಿಎಚ್‌ಎ ಮಾಡಿಕೊಳ್ಳುತ್ತೆ. ಆದರೆ ಸ್ಪಿರುಲಿನಾದಲ್ಲಿ ಡಿಎಚ್‌ಎ ಇಲ್ಲ ಅನ್ನುವಷ್ಟು ಕಡಿಮೆ.

"ಹಾಗಾದ್ರೆ ಇದರಲ್ಲಿ ಏನೂ ಇಲ್ವಾ ಸರ್?"

"ಯಾಕಿಲ್ಲ? ಮೊಟ್ಟೆ ಇದೆಯಲ್ಲ" ಅಂದರು. "ಹಳದಿಯಲ್ಲಿ ಬಣ್ಣದ ಅಂಶ ಜಾಸ್ತಿ ಇದೆ, ಅದು ಕಣ್ಣಿಗೆ ಒಳ್ಳೇದೇ. ಪ್ರೋಟೀನು ಅಷ್ಟೇ, ಆರು ಗ್ರಾಂ. ಅಂಗಡಿ ಮೊಟ್ಟೆಯಲ್ಲೂ ಆರೇ ಗ್ರಾಂ. ಒಮೇಗಾ ಅಂತ ಬರೀಬೇಕಾದ್ರೆ ಲ್ಯಾಬಿನಲ್ಲಿ ಪರೀಕ್ಷೆ ಆಗಿರಬೇಕಮ್ಮ."

ಬಸ್ಸಿನಲ್ಲಿ ಬರೋವಾಗ ನನಗೆ ಲೇಬಲ್ಲಿಗಿಂತ ಹೆಚ್ಚಾಗಿ ಆ ಹುಡುಗಿ ನೆನಪಾದಳು. ಮಾರನೇ ದಿನ ಅವಳ ಮನೆಗೆ ಹೋದೆ. ಒಮೇಗಾ ಅಂತ ಹೇಳಿದ್ದು ತಪ್ಪಾಯ್ತು, ಇದು ಬಣ್ಣದ ಮೊಟ್ಟೆ ಅಷ್ಟೆ, ಇನ್ಮೇಲೆ ಮೊದಲಿನ ರೇಟಿಗೇ ಕೊಡ್ತೀನಿ ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಕೋಪ ಏನಿಲ್ಲ. ಏನೋ ಲೆಕ್ಕ ಹಾಕ್ತಿದ್ದಳು.

"ಹಂಗಾದ್ರೆ ನಾನು ಎರಡು ತಿನ್ಬೇಕಿತ್ತಾ ಅಕ್ಕ?"

ನನಗೆ ಮೊದಲು ಅರ್ಥ ಆಗಲಿಲ್ಲ.

"ಡಾಕ್ಟ್ರು ಎರಡು ಅಂದಿದ್ರಲ್ಲ. ಅಂಗಡಿದು ಎರಡಕ್ಕೆ ಹನ್ನೆರಡು ರೂಪಾಯಿ. ನಿಮ್ದು ಒಂದಕ್ಕೇ ಹನ್ನೆರಡು. ಒಂದು ತಿಂದ್ರೆ ಎರಡು ತಿಂದಂಗೆ ಅಂದ್ರಲ್ಲ ನೀವು. ಅದಕ್ಕೇ ಅಂಗಡಿದು ಬಿಟ್ಟು ನಿಮ್ದು ಒಂದೊಂದೇ ತಿಂತಿದ್ದೆ."

ಮೂರು ತಿಂಗಳು. ತೊಂಬತ್ತು ದಿನ, ತೊಂಬತ್ತು ಮೊಟ್ಟೆ. ಅರ್ಧ ಕಿಲೋಗೂ ಮೇಲೆ ಪ್ರೋಟೀನನ್ನ ನಾನು ಒಂದು ಮಾತಿನಿಂದ ಬಸುರಿಯ ತಟ್ಟೆಯಿಂದ ಎತ್ತಿಕೊಂಡಿದ್ದೆ. ಅವಳು ಕೊಟ್ಟ ದುಡ್ಡಿಗೆ ಬದಲಾಗಿ ಕೊಟ್ಟಿದ್ದು ಬಣ್ಣ.

"ಬೇಕಂತ ಹೇಳಿದ್ರಾ ನೀವು, ಬಿಡಿ ಅಕ್ಕ" ಅಂದಳು. ಅದಕ್ಕೆ ಏನು ಹೇಳಬೇಕೋ ಗೊತ್ತಾಗಲಿಲ್ಲ. ಬೇಕಂತ ಹೇಳಿರಲಿಲ್ಲ. ಆದರೆ ಗೊತ್ತಿಲ್ಲದ್ದನ್ನ ಗೊತ್ತಿದೆ ಅನ್ನೋ ಹಾಗೆ ಹೇಳಿದ್ದೆನಲ್ಲ.

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಬೈತಾರೆ ಅಂದುಕೊಂಡಿದ್ದೆ, ಬೈಲಿಲ್ಲ. ಎಲೆಗೆ ಸುಣ್ಣ ಹಚ್ಚುತ್ತಾ "ಎಷ್ಟಂದೆ, ತೊಂಬತ್ತಾ?" ಅಂದರು. ಎದ್ದು ಹೋಗಿ ಕೋಳಿ ಗೂಡಿನ ಪಕ್ಕದ ಗೋಡೆಗೆ ಬೆರಳಿನ ಸುಣ್ಣ ಒರೆಸಿದ ಹಾಗೆ ಒಂದು ಗೀಟು ಎಳೆದರು. "ಅವಳ ಮೊಟ್ಟೆ ಅವಳಿಗೆ ಸಲ್ಲಬೇಕು ಕಣಮ್ಮ. ಹೋದಾಗೆಲ್ಲ ಕೊಟ್ಟು ಬಾ. ಕೊಟ್ಟಂಗೆ ಒಂದೊಂದು ಗೀಟು."

ಅವಳಿಗೆ ಹೆರಿಗೆ ಆಯ್ತು. ಹೆಣ್ಣು ಮಗು, ಎರಡೂ ಮುಕ್ಕಾಲು ಕಿಲೋ. ಇಬ್ಬರೂ ಚೆನ್ನಾಗಿದ್ದಾರೆ. ಕೇಳಿದಾಗ ಎದೆ ಮೇಲಿನ ಕಲ್ಲು ಇಳಿದ ಹಾಗಾಯ್ತು. ಆದರೆ ಅದು ಅವಳ ಅದೃಷ್ಟ, ಅದರಲ್ಲಿ ನನ್ನ ಪಾಲೇನೂ ಇಲ್ಲ. ಬಾಣಂತನಕ್ಕೆ ತವರಿಗೆ ಹೋದವಳು ಐದು ತಿಂಗಳು ಬಿಟ್ಟು ಬಂದಳು. ಅಲ್ಲಿವರೆಗೂ ಗೋಡೆ ಮೇಲೆ ಗೀಟು ಬೀಳಲಿಲ್ಲ.

ಸ್ಪಿರುಲಿನಾ ಈಗಲೂ ಹಾಕ್ತೀನಿ. ಒಂದು ಕೋಳಿಗೆ ದಿನಕ್ಕೆ ಒಂದು ಗ್ರಾಂ ಚಿಲ್ಲರೆ. ಲೆಕ್ಕ ಹಾಕಿದರೆ ಒಂದು ಮೊಟ್ಟೆಗೆ ಒಂದೂಮುಕ್ಕಾಲು ರೂಪಾಯಿ ಹೆಚ್ಚು ಖರ್ಚು. ಹಾಗಾಗಿ 10 ರೂಪಾಯಿ. ಬೇಡ ಅನ್ನೋರಿಗೆ ಅಜೋಲಾ ತಿಂದ ಕೋಳಿಯದ್ದು 8 ರೂಪಾಯಿಗೇ ಇದೆ, ಅದಕ್ಕೇ ಹತ್ತು ಕೋಳಿ ಬೇರೆ ಮಾಡಿದ್ದೀನಿ. ಲೇಬಲ್ ತೆಗೆದೆ. ಕೇಳಿದವರಿಗೆ "ಸ್ವರ್ಣಧಾರಾ ಕೋಳಿ, ನಾಟಿ ಅಲ್ಲ. ಬಣ್ಣ ಪಾಚಿಯದ್ದು. ಪ್ರೋಟೀನು ಅಂಗಡಿ ಮೊಟ್ಟೆಯಷ್ಟೇ" ಅಂತೀನಿ. ಮೇಷ್ಟ್ರ ಮನೆಯವರು ತಗೊಳ್ಳೋದು ನಿಲ್ಲಿಸಿದರು. ಮೈದುನ "ನಿಮಗೆ ವ್ಯಾಪಾರ ಬರಲ್ಲ ಬಿಡಿ ಅತ್ತಿಗೆ" ಅಂದ.

ಮೊನ್ನೆ ಆ ಹುಡುಗಿಯ ಮನೆಗೆ ಹೋದಾಗ ಮಗು ಗೋಡೆ ಹಿಡಿದು ನಿಂತಿತ್ತು. ಬೇಯಿಸಿದ ಹಳದಿಯನ್ನ ಅನ್ನದಲ್ಲಿ ಕಿವುಚಿ ತಿನ್ನಿಸ್ತಿದ್ದಳು. "ಅಂಗಡಿ ಮೊಟ್ಟೆದಾದ್ರೆ ಬಾಯಿ ಮುಚ್ಕೊಳ್ಳುತ್ತೆ ಅಕ್ಕ. ನಿಮ್ದಾದ್ರೆ ಬಣ್ಣ ನೋಡಿ ಓಡಿ ಬರುತ್ತೆ" ಅಂತ ನಕ್ಕಳು. ನಾನು ಅವಳು ಕೊಂಡ ಏಳರ ಜೊತೆ ಇನ್ನೂ ಮೂರು ಇಟ್ಟು ಬಂದೆ.

ಸಂಜೆ ಅತ್ತೆ ಗೋಡೆಗೆ ಮೂರು ಗೀಟು ಎಳೆದರು. ಇವತ್ತಿಗೆ ಎಪ್ಪತ್ತೆಂಟು. ಇನ್ನೂ ಹನ್ನೆರಡು ಬಾಕಿ ಇದೆ.